ಮೃತ್ಯುಪತ್ರ ಬರೆಸುವವರಿಗೆ: ಮೊದಲು ಸಾಕ್ಷಿ ನೋಡಿ
ಮೃತ್ಯುಪತ್ರಕ್ಕೆ (ವಿಲ್) ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದೇ. ತಕರಾರು ಹುಟ್ಟುವುದು ಹೆಚ್ಚಾಗಿ ಸಾಕ್ಷಿಯಲ್ಲಿ. ನೀವು ಸಹಿ ಮಾಡುವುದನ್ನು ಇಬ್ಬರು ಕಣ್ಣಾರೆ ನೋಡಿ, ನಿಮ್ಮೆದುರೇ ಸಹಿ ಹಾಕಬೇಕು. (ಮುಸ್ಲಿಮರಿಗೆ ನಿಯಮ ಬೇರೆ.) ನಾಳೆ ಅವರಲ್ಲೊಬ್ಬರು ಕೋರ್ಟಿಗೆ ಬಂದು ಹೇಳಬೇಕಾದೀತು, ಹಾಗಾಗಿ ನಿಮಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರನ್ನು ಹಿಡಿಯಿರಿ. ಆಸ್ತಿ ಪಡೆಯುವ ಮಗನನ್ನೋ ಸೊಸೆಯನ್ನೋ ಸಾಕ್ಷಿ ಮಾಡಬೇಡಿ, ಸುಮ್ಮನೆ ಸಂಶಯಕ್ಕೆ ದಾರಿ.

‘ಧಾರವಾಡದ ಮನೆ’ ಎಂದಷ್ಟೇ ಬರೆದರೆ ಸಾಲದು. ಸಿಟಿಎಸ್ (ನಗರ ಸರ್ವೆ) ನಂಬರ್, ಚಕ್ಕುಬಂದಿ ಅಂದರೆ ನಾಲ್ಕೂ ದಿಕ್ಕಿನ ಗಡಿ ಬೇಕು. ಹೊಲವಾದರೆ ಉತಾರದಲ್ಲಿ (ಪಹಣಿ) ಇರುವಂತೆಯೇ ಸರ್ವೆ ನಂಬರ್, ಎಕರೆ-ಗುಂಟೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನ ಮಾತಷ್ಟೇ ನಡೆಯುತ್ತದೆ. ತಿದ್ದಿದ ಕಡೆಯೆಲ್ಲ ನಿಮ್ಮದೂ ಸಾಕ್ಷಿಗಳದ್ದೂ ಸಹಿ ಇರಲಿ.

ಮೃತ್ಯುಪತ್ರದ ಬದಲಿಗೆ ಇವು ಸಾಲವು: ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಸಾಮಾನ್ಯವಾಗಿ ಬರೆದುಕೊಟ್ಟವರ ಜೀವದ ಜೊತೆಗೇ ಮುಗಿಯುತ್ತದೆ. ಬ್ಯಾಂಕಿನ ನಾಮಿನಿ ಹಣ ಬಿಡಿಸಿಕೊಳ್ಳಬಹುದು, ಅಷ್ಟರಿಂದಲೇ ವಾರಸದಾರ ಆಗುವುದಿಲ್ಲ.

ಬದುಕಿರುವಾಗಲೇ ಮನೆ-ಹೊಲ ದಾನ ಕೊಡುವ ಬಕ್ಷೀಸ ಪತ್ರಕ್ಕಾದರೆ ನೋಂದಣಿ ಬೇಕೇ ಬೇಕು; ಕೊಟ್ಟ ಮೇಲೆ ಮನಸ್ಸು ಬದಲಾದರೆ ವಾಪಸ್ ಸಿಗುವುದು ಕಷ್ಟ. 60 ದಾಟಿದವರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಹಿಡಿದು ಉಪವಿಭಾಗಾಧಿಕಾರಿ ಮುಂದೆ ರದ್ದತಿ ಕೇಳಬಹುದು.