ಥರ್ಮಾಮೀಟರಿಗೆ ಜ್ವರ ಬಂದೈತೇನ್ರಿ ಸರ?

ಈ ಸಲದ ಬೇಸಿಗೆ ರಜೆಯ ಖೋ-ಖೋ ಶಿಬಿರ ಮುಗಿಯಿತು. 36 ಮಕ್ಕಳು ಬಂದಿದ್ದರು, 33 ಮಂದಿ ಕೊನೆ ದಿನದವರೆಗೆ ಇದ್ದರು. ಒಬ್ಬರೂ ತಲೆ ತಿರುಗಿ ಬೀಳಲಿಲ್ಲ. ಇಂಡಿ ತಾಲೂಕಿನ ಬಿಸಿಲು ಕಂಡವರಿಗೆ ಇದು ಎಂಥ ಮಾತು ಅಂತ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಸರ್ಕಾರಿ ಕಚೇರಿಗಳನ್ನೇ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತಾರೆ. "ಸಾಹೇಬ್ರೇ ಮನಿಗೆ ಹೋಗ್ತಾರ, ನೀ ಹುಡುಗ್ರನ್ನ ಓಡಸ್ತೀಯೇನೋ?" ಅಂತ ನಾಲ್ಕು ವರ್ಷ ಬೈಸಿಕೊಂಡಿದ್ದೇನೆ.

ಬೈದದ್ದರಲ್ಲಿ ತಪ್ಪೂ ಇರಲಿಲ್ಲ. ಮೊದಲ ವರ್ಷ ಸಂಜೆ ನಾಲ್ಕೂವರೆಗೆ ಆಟ ಇಟ್ಟಿದ್ದೆ. ಸೂರ್ಯ ಇಳಿದಿರುತ್ತಾನಲ್ಲ ಅನ್ನೋ ಲೆಕ್ಕ. ಆದರೆ ನಮ್ಮಲ್ಲಿ ಬಿಸಿ ಏರೋದೇ ಎರಡೂವರೆಯಿಂದ ನಾಲ್ಕರ ತನಕ, ನೆಲ ಆರೋದು ಅದಕ್ಕಿಂತ ತಡ. ಮೂರನೇ ದಿನ ಇಬ್ಬರು ಬಿದ್ದರು, ಒಬ್ಬನಿಗೆ ಮೂಗಿನಿಂದ ರಕ್ತ. ತಲೆಗೆ 300 ರೂಪಾಯಿ ಫೀ ತಗೊಂಡಿದ್ದೆ, ಎಲ್ಲ ವಾಪಸ್ ಕೊಟ್ಟೆ. ಶಾಮಿಯಾನದವನು ಮಾತ್ರ ತನ್ನ ಆರು ಸಾವಿರ ಬಿಡಲಿಲ್ಲ.

ಎರಡನೇ ವರ್ಷ ಬೆಳಗಿನ ಆರಕ್ಕೆ ಬದಲಾಯಿಸಿದೆ. ಜೊತೆಗೆ ಕಿತ್ತಳೆ ಬಣ್ಣದ ಸಿಹಿ ಬಾಟಲಿಗಳು, ಸುಮಾರು ನಾಲ್ಕೂವರೆ ಸಾವಿರದ್ದು. ಮಕ್ಕಳು ಖುಷಿಯಿಂದ ಕುಡಿದರು, ಖುಷಿಯಿಂದಲೇ ಕಂಬದ ಹತ್ತಿರ ವಾಂತಿ ಮಾಡಿದರು. ಆಮೇಲೆ ಓಆರ್‌ಎಸ್ ಪೊಟ್ಟಣ ತಂದೆ. ಒಂದು ಪೊಟ್ಟಣ ಒಂದು ಲೀಟರ್ ನೀರಿಗೆ ಅಂತ ಮೇಲೇ ಬರೆದಿರುತ್ತದೆ. ನಾನು ದುಡ್ಡು ಉಳಿಸಲು 20 ಲೀಟರಿನ ಕ್ಯಾನಿಗೆ ಎರಡು ಹಾಕಿದೆ. ನನ್ನ ಜಾಗದಲ್ಲಿ ಒಂದಿನ ನಿಂತಿದ್ದ ಹಳೇ ವಿದ್ಯಾರ್ಥಿ ಒಂದು ಲೋಟಕ್ಕೆ ಒಂದು ಹಾಕಿದ. ನನ್ನದು ಬರೀ ನೀರು, ಅವನದು ಸಮುದ್ರ.

ದಾರಿ ಸಿಕ್ಕಿದ್ದು ಮೂರನೇ ವರ್ಷ, ಅದೂ ನಮ್ಮ ಭಾವನ ಅಡತಿ ಅಂಗಡಿಯ ಕಾಟಾದಿಂದ. ಆಟಕ್ಕೆ ಮುಂಚೆ, ಆಟ ಮುಗಿದ ಮೇಲೆ ಪ್ರತಿ ಮಗುವನ್ನೂ ತೂಗಿದೆ. ಏಳನೇ ಕ್ಲಾಸಿನ ಒಬ್ಬ ಹುಡುಗ ಒಂದು ತಾಸಿನಲ್ಲಿ ಮುಕ್ಕಾಲು ಕಿಲೋ ಇಳಿದಿದ್ದ. ಅಂದರೆ ಮುಕ್ಕಾಲು ಲೀಟರ್ ನೀರು ಹೋಗಿದೆ. ಆದರೆ ಅಂಗಿ ಮುಟ್ಟಿದರೆ ಒಣ ಒಣ! ನಮ್ಮ ಒಣ ಗಾಳಿ ಬೆವರನ್ನು ನಿಂತಲ್ಲೇ ಕುಡಿದುಬಿಡುತ್ತದೆ. ನಾನು ಇಷ್ಟು ದಿನ ಒದ್ದೆ ಅಂಗಿ ನೋಡಿ ಮಕ್ಕಳಿಗೆ ನೀರು ಕೊಡುತ್ತಿದ್ದೆ. ನೋಡಬೇಕಿದ್ದದ್ದು ಬೆನ್ನ ಮೇಲಿನ ಬಿಳಿ ಉಪ್ಪಿನ ಗೆರೆ.

ಆ ಗೆರೆ ಇನ್ನೊಂದನ್ನೂ ತೋರಿಸಿತು. ಮೊದಲ ವಾರ ಕಪ್ಪು ಟೀಶರ್ಟ್ ಮೇಲೆ ಸುಣ್ಣ ಬಳಿದ ಹಾಗೆ ಇರುತ್ತದೆ. ಹತ್ತು ಹನ್ನೆರಡು ದಿನ ಕಳೆದರೆ ತೆಳುವಾಗುತ್ತದೆ. ಮೈ ಬಿಸಿಲಿಗೆ ಒಗ್ಗಿದಂತೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹಾಗಾಗಿ ಈಗ ಮೊದಲ ವಾರ ಅರ್ಧ ತಾಸಷ್ಟೇ ಆಟ, ಚೇಸಿಂಗ್ ಇಲ್ಲವೇ ಇಲ್ಲ. ಕೂರೋದು, ಏಳೋದು, ಖೋ ಕೊಡೋದು. "ಬರೇ ಕುಂದ್ರಸಾಕ 300 ರೂಪಾಯಿ ಏನ್ರಿ?" ಅಂದ ತಂದೆಯೊಬ್ಬರ ಮಗಳೇ ಈ ಸಲ ಎಲ್ಲರಿಗಿಂತ ಚೆನ್ನಾಗಿ ಆಡಿದಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ನಮ್ಮ ಗಂಡಸರ, ಹೆಂಗಸರ ತಂಡಗಳೆರಡೂ ಗೆದ್ದ ಮೇಲೆ ಹುಡುಗಿಯರು ಜಾಸ್ತಿ ಬರುತ್ತಿದ್ದಾರೆ.

ದೊಡ್ಡ ತಲೆನೋವು ಅಂದರೆ ಅಜ್ಜಿ ಊರು. ಒಬ್ಬ ಹುಡುಗ ಎರಡು ವಾರ ಚೆನ್ನಾಗಿ ಆಡಿ ಬೆಳಗಾವಿಯ ಸೋದರಮಾವನ ಮನೆಗೆ ಹೋದ. ಅಲ್ಲಿ ಸಹ್ಯಾದ್ರಿಯ ತಂಪು ಗಾಳಿ. ಹನ್ನೆರಡು ದಿನ ಬಿಟ್ಟು ಬಂದವನನ್ನು ನೇರ ಆಟಕ್ಕೆ ಇಳಿಸಿದೆ. ಹತ್ತೇ ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡು ಕೂತ. ಒಗ್ಗಿದ ಮೈ ಒಂದೆರಡು ವಾರದಲ್ಲಿ ಮರೆತೂ ಬಿಡುತ್ತದೆ. ಈಗ ವಾರ ತಪ್ಪಿಸಿದವರು ಮತ್ತೆ ಕೂರೋ-ಏಳೋ ಸಾಲಿಗೆ.

ಇನ್ನು ಜನ ನಕ್ಕಿದ್ದರ ಕಥೆ. ಬಿಸಿಲು 40 ಇದ್ದ ದಿನ ಮಕ್ಕಳು ಚೆನ್ನಾಗಿರುತ್ತಿದ್ದರು, 37 ಇದ್ದ ದಿನ ಸುಸ್ತು. ಇದು ನನಗೆ ಬಗೆಹರಿಯಲಿಲ್ಲ. ಶಾಲೆಯ ಲ್ಯಾಬಿನಿಂದ ಎರಡು ಥರ್ಮಾಮೀಟರ್ ತಂದು (ಒಂದು ಒಡೆದು 150 ರೂಪಾಯಿ ಕಟ್ಟಿದ್ದೂ ಆಯಿತು) ಬೇವಿನ ಮರದ ನೆರಳಿಗೆ ತೂಗು ಹಾಕಿದೆ. ಒಂದರ ಬುಡಕ್ಕೆ ಹತ್ತಿ ಬತ್ತಿ ಸುತ್ತಿ, ಅದರ ತುದಿ ನೀರಿನ ಸೀಸೆಯಲ್ಲಿ. ನೋಡಿದ ಪಕ್ಕದ ಊರಿನ ಪಿ.ಟಿ. ಸರ್ ಎಲ್ಲರ ಮುಂದೆ, "ತಣ್ಣೀರ ಬಟ್ಟಿ ಹಾಕೀರಲ್ಲ, ಥರ್ಮಾಮೀಟರಿಗೆ ಜ್ವರ ಬಂದೈತೇನ್ರಿ ಸರ?" ಅಂದರು. ಮಕ್ಕಳು ವಾರವಿಡೀ ಅದನ್ನೇ ಹೇಳಿದರು.

ಆದರೆ ಲೆಕ್ಕ ಕೂತಿತು. ಬತ್ತಿಯ ನೀರು ಮೈಮೇಲಿನ ಬೆವರಿದ್ದ ಹಾಗೆ, ಆರಿದಷ್ಟೂ ಆ ಥರ್ಮಾಮೀಟರ್ ತಣ್ಣಗೆ. ಏಪ್ರಿಲ್ ಮಧ್ಯಾಹ್ನ ಒಣದ್ದು 40 ತೋರಿಸಿದರೂ ಒದ್ದೆಯದ್ದು 22ರ ಆಸುಪಾಸು. ಮೇ ತಿಂಗಳಲ್ಲಿ ಅಡ್ಡಮಳೆ ಬರೋ ಮುಂಚೆ ಒಣದ್ದು 37, ಒದ್ದೆಯದ್ದು 27. ಗಾಳಿಯಲ್ಲಿ ತೇವ ತುಂಬಿದರೆ ಬೆವರು ಆರೋದಿಲ್ಲ, ಮೈ ತಣ್ಣಗಾಗೋದಿಲ್ಲ. ಈಗ ಒದ್ದೆಯದ್ದು 24 ದಾಟಿದರೆ ಆಟ ಅರ್ಧ, 26 ದಾಟಿದರೆ ಮನೆಗೆ. ಇದು ನನ್ನ ಮೈದಾನದ ಲೆಕ್ಕ, ನಿಮ್ಮದು ನೀವೇ ನೋಡಿಕೊಳ್ಳಬೇಕು. ಗುಡುಗು ಕೇಳಿಸಿದರೆ ಮಾತ್ರ ಲೆಕ್ಕವೇ ಬೇಡ, ಎಲ್ಲರೂ ಬೇವಿನ ಮರ ಬಿಟ್ಟು ಶಾಲೆಯ ಕೋಣೆಯೊಳಗೆ.

ಕುಡಿಯೋಕೆ ಈಗ ಜೋಳದ ಅಂಬಲಿ, ಮಜ್ಜಿಗೆ, ಉಪ್ಪು, ಚೂರು ಬೆಲ್ಲ. ಲಿಂಬೆ ಹಾಕುತ್ತಿದ್ದೆ, ಬಿಟ್ಟೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದಿದೆ, ಆದರೆ ಮೇ ತಿಂಗಳಲ್ಲಿ ಇಂಡಿಯವರಿಗೇ ಒಂದು ಹಣ್ಣು ಏಳೆಂಟು ರೂಪಾಯಿ! ಅಂಬಲಿ ತಲೆಗೆ ದಿನಕ್ಕೆ ನಾಲ್ಕು ರೂಪಾಯಿಯೊಳಗೆ ಮುಗಿಯುತ್ತದೆ. ಮೊದಲು ಮಕ್ಕಳು ಮೂಗು ಮುರಿಯುತ್ತಿದ್ದರು. ಅದಕ್ಕೆ ಕೊನೆಯಲ್ಲಿ ಒಂದು ಚಿಟಿಕೆ ಏನೋ ಹಾಕುತ್ತೇನೆ, ಅದಾದ ಮೇಲೆ ತಂಬಿಗೆ ಹಿಡಿದು ಸಾಲು ನಿಲ್ಲುತ್ತಾರೆ. ಏನು ಅಂತ ನಮ್ಮ ಮನೆಯವಳನ್ನು ಕೇಳಿ, ಹೇಳಿದರೆ ನಿಮ್ಮ ಪುಣ್ಯ.

ನೀರಿನ ಹರವಿಗೆ ಒದ್ದೆ ಗೋಣಿತಟ್ಟು ಸುತ್ತಿದ್ದೂ ಆ ಒದ್ದೆ ಬತ್ತಿಯ ಲೆಕ್ಕವೇ, ತಟ್ಟು ಆರುತ್ತಾ ನೀರು ತಣ್ಣಗಾಗುತ್ತದೆ. ನಮ್ಮಲ್ಲಿ ಫ್ರಿಜ್ಜಿನ ಹತ್ತಿರ ಹೋಗುತ್ತದೆ. ಜುಲೈನಲ್ಲಿ ಬೆಳಗಾವಿಯ ತಂಗಿ ಮನೆಯಲ್ಲಿ ಜಂಬ ಕೊಚ್ಚಿಕೊಂಡು ಅದನ್ನೇ ಮಾಡಿದೆ. ಆ ಜಡಿಮಳೆಯಲ್ಲಿ ನೀರು ತಣ್ಣಗಾಗಲಿಲ್ಲ, ತಟ್ಟಿಗೆ ಬೂಸಲು ಬಂತು.

ಬಿಸಿಲು ಬಡಿಯದಿರಲಿ ಅಂತ ಅಜ್ಜಿಯರು ಜೇಬಿಗೆ ಉಳ್ಳಾಗಡ್ಡಿ ಹಾಕಿ ಕಳಿಸುತ್ತಾರೆ, ಅಲ್ವಾ? ಅದನ್ನೂ ನೋಡಿದೆ. ಅರ್ಧ ಮಕ್ಕಳಿಗೆ ಉಳ್ಳಾಗಡ್ಡಿ, ಅರ್ಧ ಮಕ್ಕಳಿಗೆ ಇಲ್ಲ, ಐದು ದಿನ ಕಾಟಾ. ತೂಕ ಇಳಿದದ್ದು ಎರಡೂ ಕಡೆ ಒಂದೇ. ಅಜ್ಜಿಯರಿಗೆ ಹೇಳಲಿಲ್ಲ. ಬಿಸಿಲಿಗೆ ಮಂಪರು ಬಂದವರನ್ನು ಕಂಡುಹಿಡಿಯಲು ಹದಿಮೂರರ ಮಗ್ಗಿ ಕೇಳೋ ಉಪಾಯವೂ ಮಾಡಿದ್ದೆ. ಉಪಯೋಗಕ್ಕೆ ಬರಲಿಲ್ಲ, ನಮ್ಮ ಮಕ್ಕಳಿಗೆ ಅದು ಚಳಿಗಾಲದಲ್ಲೂ ಬರೋದಿಲ್ಲ. ಈಗ ಅವ್ವನ ಹೆಸರು ಕೇಳುತ್ತೇನೆ. ತಡವರಿಸಿದರೆ ನೆರಳು, ಮೈಮೇಲೆ ನೀರು, 108ಕ್ಕೆ ಫೋನ್. ಈ ಸಲ ಒಮ್ಮೆಯೂ ಬೇಕಾಗಲಿಲ್ಲ.

ಮೊನ್ನೆ ಪಕ್ಕದ ಊರಿನ ಪಿ.ಟಿ. ಸರ್ ಫೋನ್ ಮಾಡಿದ್ದರು. ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ, "ಆ ಬತ್ತಿ ಯಾವ ಅಂಗಡಿದ್ರಿ ಸರ?" ಅಂದರು. ನಮ್ಮ ಮನೆಯ ದೇವರ ಜಗಲಿಯಿಂದ ಎತ್ತಿದ್ದು ಅಂತ ನಿಜವನ್ನೇ ಹೇಳಿದೆ. ನಂಬಲಿಲ್ಲ.