ಎರಡು ಪೆಟ್ ಸ್ಕ್ಯಾನರ್‌ಗಳ ಎಸ್‌ಯುವಿ ತಾಳೆಯಾಗಿದ್ದು ಹೀಗೆ

ಪೆಟ್ ಸ್ಕ್ಯಾನ್‌ನಲ್ಲಿ ದೇಹದ ಒಂದು ಜಾಗ ವಿಕಿರಣ ಔಷಧವನ್ನು ಎಷ್ಟು ಹೀರಿದೆ ಎಂಬ ಅಳತೆಯೇ ಎಸ್‌ಯುವಿ. ಹೊಸ ಸ್ಕ್ಯಾನರ್ ಬಂದ ಮೇಲೆ ಸಣ್ಣ ಗಂಟುಗಳ ಎಸ್‌ಯುವಿ ಮ್ಯಾಕ್ಸ್ (ಗಂಟಿನೊಳಗಿನ ಗರಿಷ್ಠ ಎಸ್‌ಯುವಿ) ಜಾಸ್ತಿ ಬರತೊಡಗಿತು. ರೋಗ ಹೆಚ್ಚಿತೋ, ಯಂತ್ರದ ಆಟವೋ? ಮೊದಲು ಗಡಿಯಾರಗಳನ್ನು ನೋಡಿದೆ. ಔಷಧದಲ್ಲಿ ವಿಕಿರಣ ಸೂಸುವ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ, ಅಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ; ಎಷ್ಟು ಉಳಿದಿದೆ ಎಂಬ ಲೆಕ್ಕಕ್ಕೆ ಸಮಯ ಸರಿಯಿರಬೇಕು. ಗಡಿಯಾರ 10 ನಿಮಿಷ ತಪ್ಪಿದರೂ ಎಸ್‌ಯುವಿ ಸುಮಾರು 6% ಅತ್ತಿತ್ತ ಆಗುತ್ತದೆ. ಅವು ಸರಿಯಾಗೇ ಇದ್ದವು.

ಆಮೇಲೆ ನೀಮಾ ಫ್ಯಾಂಟಮ್ (ಸ್ಕ್ಯಾನರ್ ಪರೀಕ್ಷಿಸುವ ದೇಹದ ಮಾದರಿ) ಒಳಗೆ ವಿಕಿರಣ ದ್ರವ ತುಂಬಿಸಿ ಎರಡರಲ್ಲೂ ಸ್ಕ್ಯಾನ್ ಮಾಡಿದೆ. ಅದರಲ್ಲಿ 10ರಿಂದ 37 ಮಿ.ಮೀ. ಅಗಲದ ಆರು ಗೋಳಗಳಿರುತ್ತವೆ. ದೊಡ್ಡವು ತಾಳೆಯಾದವು, ಚಿಕ್ಕವುಗಳಲ್ಲೇ ತಕರಾರು. ಹೊಸದರ ಪಿಎಸ್‌ಎಫ್ ರೀಕನ್‌ಸ್ಟ್ರಕ್ಷನ್ (ಸ್ಕ್ಯಾನರಿನ ಮಸುಕನ್ನು ಸರಿಪಡಿಸಿ ಚಿತ್ರ ಕಟ್ಟುವ ವಿಧಾನ) ಅಂಚನ್ನು ಚೂಪು ಮಾಡುತ್ತಾ ಅವುಗಳ ಅಳತೆ ಏರಿಸುತ್ತಿತ್ತು.

ಅದೇ ಡೇಟಾದಿಂದ ಎರಡನೇ ಚಿತ್ರ ತೆಗೆದು ಚಿತ್ರವನ್ನು ಮಬ್ಬು ಮಾಡುವ ಗಾಸಿಯನ್ ಫಿಲ್ಟರ್ ಹಾಕಿದೆ. ಫಿಲ್ಟರಿನ ಅಗಲ ಹೆಚ್ಚಿಸುತ್ತಾ ಹೋದೆ, ಅಳತೆ ಯುರೋಪಿನ ಅರ್ಲ್ (ಬೇರೆ ಬೇರೆ ಸ್ಕ್ಯಾನರ್‌ಗಳ ಅಳತೆ ತಾಳೆಯಾಗಿಸುವ ಕಾರ್ಯಕ್ರಮ) ಮಿತಿಯೊಳಗೆ ಬಂತು. ಹಳೆಯದೂ ಅಲ್ಲೇ ಇತ್ತು. ಗಂಟು ಹುಡುಕಲು ಡಾಕ್ಟರಿಗೆ ಚೂಪು ಚಿತ್ರವೇ ಬೇಕು, ಸಹಜ ಅಲ್ವಾ? ಅಳತೆ ಮಾತ್ರ ಮಬ್ಬು ಚಿತ್ರದಿಂದ.