ಓಪಲ್ ಕೊಳ್ತೀರಾ? ಮೇಲಿಂದಲ್ಲ, ಪಕ್ಕದಿಂದ ನೋಡಿ

ಶುಕ್ರನ ಹರಳು ಅಂತ ಓಪಲ್ ಹಾಕಿಕೊಳ್ಳುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಮಂದಿ. ವಜ್ರಕ್ಕೆ ದುಡ್ಡು ಸಾಲುವುದಿಲ್ಲ, ಅದಕ್ಕೆ ಓಪಲ್. ಆದರೆ ಬೆಳ್ಳಿಯಲ್ಲಿ ಕೂರಿಸಿಟ್ಟ ಉಂಗುರವನ್ನು ಅಂಗಡಿಯ ದೀಪದ ಕೆಳಗೆ ಮೇಲಿಂದ ಒಂದು ಸಲ ನೋಡಿ ದುಡ್ಡು ಕೊಟ್ಟು ಬರುತ್ತಾರೆ. ನಮ್ಮ ಚಿಗವ್ವ ಹಾಗೇ ತಂದಿದ್ದಳು. ಮೂರು ತಿಂಗಳಲ್ಲಿ ಹರಳಿನ ಅಂಚು ಮಬ್ಬಾಯಿತು. ಬಿಚ್ಚಿಸಿದರೆ ಮೂರು ಪದರ: ತಳಕ್ಕೆ ಕರಿ ಗಾಜು, ನಡುವೆ ಕಾಗದದಷ್ಟು ತೆಳ್ಳಗಿನ ಓಪಲ್, ಮೇಲೊಂದು ಗಾಜಿನ ಮುಚ್ಚಳ. ಅಂಟಿನೊಳಗೆ ನೀರು ಇಳಿದಿತ್ತು.

ಹಾಗಾಗಿ ಮೊದಲು ಬಿಡಿ ಹರಳು ಕೇಳಿ. ಅದನ್ನು ಹಗಲು ಬೆಳಕಿಗೆ ತನ್ನಿ.

ಆಮೇಲೆ ನಿಧಾನಕ್ಕೆ ಓರೆ ಮಾಡಿ. ಎರಡು ಬಣ್ಣದ ನೂಲಿನ ರೇಷ್ಮೆ ಸೀರೆ ಮಡಿಕೆ ತಿರುಗಿಸಿದರೆ ಬಣ್ಣ ಬದಲಾಗುತ್ತದಲ್ವಾ, ಹಾಗೆ ಹಸಿರು ಇದ್ದಲ್ಲಿ ಕೆಂಪೋ ನೀಲಿಯೋ ಮಿಂಚಬೇಕು. ಈ ಕಲ್ಲಿನೊಳಗೆ ಸಿಲಿಕಾದ ಅತಿ ಸಣ್ಣ ಗುಂಡುಗಳು ಸಾಲಾಗಿ ಅಡಕವಾಗಿರುತ್ತವೆ, ಬೆಳಕು ಅವುಗಳ ನಡುವೆ ಒಡೆದು ಬಣ್ಣವಾಗುತ್ತದೆ. ದಪ್ಪ ಗುಂಡು ಇದ್ದರೆ ಕೆಂಪೂ ಬರುತ್ತದೆ, ಸಣ್ಣವಿದ್ದರೆ ನೀಲಿ ಮಾತ್ರ. ಆಸ್ಟ್ರೇಲಿಯಾದ ವಿಜ್ಞಾನಿಗಳು 1964ರಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದರು. ಹಾಲುನೀಲಿ ಹೊಳಪು ಒಂದೇ ಇದ್ದು ಬಣ್ಣ ಆಡದಿದ್ದರೆ ಬಿಡಿ. ಓಪಲೈಟ್ ಅಂತ ಮಾರುವುದು ಬಹುಪಾಲು ಗಾಜು.

ಎಲ್ಲರೂ ತಪ್ಪುವುದು ಮುಂದಿನ ಕೆಲಸದಲ್ಲಿ. ಹರಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಅದರ ಅಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಎತ್ತಿ, ಸುತ್ತಲೂ ತಿರುಗಿಸಿ. ದಾರ ಎಳೆದ ಹಾಗೆ ನೇರ ಗೆರೆ ಕಂಡಿತಾ? ಅಂಟಿಸಿದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಬೌಲ್ಡರ್ ಓಪಲ್‌ಗೆ ಹುಟ್ಟಿನಿಂದಲೇ ಕಂದು ಕಲ್ಲಿನ ಬೆನ್ನು ಇರುತ್ತದೆ, ಆದರೆ ಅಲ್ಲಿ ಗೆರೆ ಸಾಮಾನ್ಯವಾಗಿ ಅಂಕುಡೊಂಕು. ಈಗ ಹತ್ತು ಪಟ್ಟಿನ ಲೆನ್ಸ್ ಇಡಿ. ಮೇಲಿಂದ ಬಣ್ಣದ ತುಣುಕುಗಳು ಹಲ್ಲಿ ಚರ್ಮದ ಹಾಗೆ ಒಂದೇ ಅಳತೆಯಲ್ಲಿ ಜೋಡಿಸಿದಂತಿದ್ದು, ಪಕ್ಕದಿಂದ ಕಂಬ ನಿಲ್ಲಿಸಿದ ಹಾಗೆ ಕಂಡರೆ ಅದು ಲ್ಯಾಬಿನಲ್ಲಿ ತಯಾರಿಸಿದ್ದು ಇರಬಹುದು. ಇಂಥವು 1970ರ ದಶಕದಿಂದ ಮಾರುಕಟ್ಟೆಯಲ್ಲಿವೆ. ಇಥಿಯೋಪಿಯಾದ ಕೆಲವು ಅಸಲಿ ಓಪಲ್‌ಗಳಲ್ಲೂ ಕಂಬದಂಥ ಬಣ್ಣ ಇರುವುದರಿಂದ, ಬೆಲೆ ಜಾಸ್ತಿ ಇದ್ದರೆ ಹರಳು ಪರೀಕ್ಷಿಸುವ ಲ್ಯಾಬಿನ ಸರ್ಟಿಫಿಕೇಟ್ ಇಲ್ಲದೆ ದುಡ್ಡು ಕೊಡಬೇಡಿ.

ಎಲ್ಲಿಯ ಕಲ್ಲು ಅಂತಲೂ ಕೇಳಿ. ಇಥಿಯೋಪಿಯಾದ ವೆಲೋ ಓಪಲ್ 2008ರಿಂದ ಬರುತ್ತಿದೆ, ನೋಡಲು ಬಹಳ ಚಂದ, ಆದರೆ ಬಹುಪಾಲು ಕಲ್ಲುಗಳು ನೀರು ಹೀರುತ್ತವೆ. ನೆಂದರೆ ಗಾಜಿನಂತಾಗಿ ಬಣ್ಣ ಮಾಯ, ಒಣಗಿದರೆ ವಾಪಸ್. ನೀರಾದರೆ ಸರಿ. ನಾವೋ ಶುಕ್ರವಾರ ಪೂಜೆ ಅಂತ ಹಸಿ ಹಾಲಲ್ಲಿ, ಪಂಚಾಮೃತದಲ್ಲಿ ಅದ್ದುತ್ತೇವೆ. ಅರಿಷಿಣ ಕುಂಕುಮ ಹಚ್ಚುತ್ತೇವೆ. ಆ ಕಲೆ ಒಳಗೆ ಇಳಿದರೆ ತೆಗೆಯುವುದು ಕಷ್ಟ. ಪೂಜೆ ಮಾಡಿ, ಹರಳನ್ನು ಬಟ್ಟಲಲ್ಲಿ ಒಣದಾಗಿಯೇ ಇಟ್ಟು ಮಾಡಿ. ದಿನಾ ಹಾಕಿಕೊಳ್ಳುವುದಕ್ಕಾದರೆ ಅಷ್ಟಾಗಿ ನೀರು ಹೀರದ, ಆಸ್ಟ್ರೇಲಿಯಾದ ಕೂಬರ್ ಪೀಡಿಯ ಬಿಳಿ ಓಪಲ್ಲೇ ತೊಗೊಳ್ಳಿ, ಸಣ್ಣದಾದರೂ ಅಡ್ಡಿಯಿಲ್ಲ.

ಕೂರಿಸುವಾಗ ಬೆಸುಗೆ ಎಲ್ಲ ಮುಗಿದ ಮೇಲೆ ಹರಳು ಇಡಲು ಪತ್ತಾರರಿಗೆ ಹೇಳಿ. ಬೆಂಕಿ ತಾಗಿದರೆ ಬಿರುಕು ಬಿಡುತ್ತದೆ.

ಕೊನೆಗೆ ಧೂಳು. ಓಪಲ್ ಗಡಸುತನ ಮೋಸ್ ಅಳತೆಯಲ್ಲಿ 5.5ರಿಂದ 6.5, ಧೂಳಿನಲ್ಲಿರುವ ಮರಳಿನದ್ದು 7. ನಮ್ಮ ಹುಬ್ಬಳ್ಳಿ ಧೂಳು ಗೊತ್ತಲ್ಲ! ಒಣ ಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಮೊದಲು ಬಾಯಿಂದ ಊದಿ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಹತ್ತಿ ಬಟ್ಟೆ ತುಸು ಒದ್ದೆ ಮಾಡಿ ಒಂದೇ ಕಡೆಗೆ ಒರೆಸಿ.